ಎಚ್ಚರವಿರುವ ರೋಗಿಯ ಮೆದುಳಿಗೆ ತಂತಿ ಇಳಿಸುವಾಗ

ಪಾರ್ಕಿನ್ಸನ್ ಕಾಯಿಲೆಗೆ ಮೆದುಳಿನ ಆಳದ ಉತ್ತೇಜಕ (ತಂತಿಯ ಮೂಲಕ ಮೆದುಳಿಗೆ ಸಣ್ಣ ವಿದ್ಯುತ್ ಹರಿಸುವ ಸಾಧನ) ಅಳವಡಿಸುವಾಗ, ಪೂರ್ಣ ಅರಿವಳಿಕೆಯಲ್ಲಿ ಎಂಆರ್‌ಐ ಚಿತ್ರವನ್ನೇ ನಂಬಿ ಕೆಲಸ ಮುಗಿಸುವ ಪದ್ಧತಿಯೂ ಇದೆ. ಕಲಬುರಗಿಯಲ್ಲಿ ನಾನು ಮಾತ್ರ, ರೋಗಿ ತಡೆದುಕೊಳ್ಳಬಲ್ಲರಾದರೆ, ಅವರನ್ನು ಎಚ್ಚರವಾಗಿಯೇ ಇರಿಸಿಕೊಳ್ಳುತ್ತೇನೆ.

ನಡುಕ, ಬಿಗಿತ ಮರೆಯಾಗದೆ ಕಾಣಲೆಂದು ಹಿಂದಿನ ರಾತ್ರಿಯಿಂದ ಪಾರ್ಕಿನ್ಸನ್ ಮಾತ್ರೆ ಲೆವೊಡೋಪಾ ನಿಲ್ಲಿಸಿ, ಬೆಳಿಗ್ಗೆ ನೆತ್ತಿಗೆ ಮರಗಟ್ಟಿಸುವ ಮದ್ದು ಚುಚ್ಚಿ ತಲೆಗೆ ಅಳತೆಯ ಚೌಕಟ್ಟು ಬಿಗಿದು, ಸಿಟಿ ಚಿತ್ರವನ್ನು ಮೊದಲೇ ತೆಗೆದ ಎಂಆರ್‌ಐಗೆ ಹೊಂದಿಸುತ್ತೇವೆ. ಮೆದುಳಿನ ನಡುವೆ ಮುಂದೆ-ಹಿಂದೆ ಇರುವ ಎರಡು ಗುರುತುಗಳನ್ನು (ಕಮಿಶರ್) ಸೇರಿಸುವ ಗೆರೆಯ ಮಧ್ಯಬಿಂದುವಿನಿಂದ ಪಕ್ಕಕ್ಕೆ 12, ಹಿಂದಕ್ಕೆ 3, ಕೆಳಕ್ಕೆ 4 ಮಿ.ಮೀ. ಎಂಬ ರೂಢಿಯ ಲೆಕ್ಕ ಬರೀ ಆರಂಭ. ಸಬ್‌ಥಲಾಮಿಕ್ ನ್ಯೂಕ್ಲಿಯಸ್ (ನಮ್ಮ ಗುರಿಯಾದ ಪುಟ್ಟ ನರಕೋಶಗಳ ಗುಂಪು) ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಕಪ್ಪಾಗಿ ಕಾಣುವ ಜಾಗಕ್ಕೆ ಅದನ್ನು ತಿದ್ದಲೇಬೇಕು. ನನ್ನ ಹೆಚ್ಚಿನ ಹೊತ್ತು ಹೋಗುವುದು ದಾರಿಯನ್ನು ಆರಿಸುವುದರಲ್ಲಿ, ಏಕೆಂದರೆ ರಕ್ತನಾಳ, ಮೆದುಳಿನ ಮಡಿಕೆಯ ಸಂದು, ದ್ರವದ ಕುಹರ ಇವುಗಳಲ್ಲಿ ಯಾವುದನ್ನು ತಾಗಿದರೂ ರಕ್ತಸ್ರಾವದ ಭಯವಿದೆ.

ಬುರುಡೆಗೆ ರಂಧ್ರ ಕೊರೆದ ಮೇಲೆ ಮೆದುಳನ್ನು ಹೊದ್ದ ಡ್ಯೂರಾ ಪೊರೆಯನ್ನು ಬೇಕಾದಷ್ಟೇ ತೆರೆದು, ಕೂಡಲೇ ಫೈಬ್ರಿನ್ ಅಂಟಿನಿಂದ ಮುಚ್ಚುತ್ತೇನೆ. ದ್ರವ ಸೋರಿ ಗಾಳಿ ಒಳಹೊಕ್ಕರೆ ಮೆದುಳು ಕುಸಿಯುತ್ತದೆ, ಆಗ ಬೆಳಗಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಗುರಿಗಿಂತ ಸುಮಾರು 10 ಮಿ.ಮೀ. ಮೇಲಿನಿಂದ ನರಕೋಶಗಳ ಮಿಡಿತವನ್ನು ಸದ್ದಾಗಿ ಕೇಳಿಸುವ ಸೂಕ್ಷ್ಮ ಎಲೆಕ್ಟ್ರೋಡ್ ಇಳಿಸುತ್ತ ಹೋದಂತೆ, ಸಪ್ಪಳವಿಲ್ಲದ ಪಟ್ಟಿಯೊಂದು ದಾಟಿ, ಸ್ಪೀಕರಿನಲ್ಲಿ ಒಮ್ಮೆಲೇ ಅಡ್ಡಾದಿಡ್ಡಿ ಚಟಪಟ ಸದ್ದು ತುಂಬಿಕೊಂಡರೆ ನ್ಯೂಕ್ಲಿಯಸ್ ಸಿಕ್ಕಿತು. ಸದ್ದು ತೆಳುವಾಗಿ, ಒಂದೇ ಸಮನೆ ಬಡಿಯತೊಡಗಿದರೆ ಅದರ ಕೆಳಗಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗ ಬಂತು.

ಆಮೇಲಿನದು ರೋಗಿಯ ಪಾಲಿನ ಕೆಲಸ. ಹಲ್ಲಿನ ಚಕ್ರದಂತೆ ತಡೆತಡೆದು ಮಡಚುತ್ತಿದ್ದ ಮಣಿಕಟ್ಟು, ವಿದ್ಯುತ್ ಹರಿದೊಡನೆ ನನ್ನ ಕೈಯಲ್ಲೇ ಸಡಿಲವಾಗುವುದು ತಿಳಿಯುತ್ತದೆ. ಪ್ರಮಾಣ ಏರಿಸುತ್ತ "ಏನರ ಆಗ್ಲಾಕತ್ತದೇನ್ರಿ?" ಎಂದು ಕೇಳುತ್ತಲೇ ಇರುತ್ತೇನೆ. "ತುಟಿ ಎಳದಂಗ ಆಗ್ಲಾಕತ್ತದ್ರಿ" ಎಂದು ಕಡಿಮೆ ಪ್ರಮಾಣದಲ್ಲೇ ಹೇಳಿದರೆ ತಂತಿ ಹೊರಬದಿಯಲ್ಲಿರುವ, ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರತಂತುಗಳ ಕಟ್ಟಿಗೆ (ಇಂಟರ್ನಲ್ ಕ್ಯಾಪ್ಸೂಲ್) ಹತ್ತಿರವಾಗಿದೆ. ಕೈಯ ಜುಮ್ಮು ಇಳಿಯದಿದ್ದರೆ ತೀರಾ ಹಿಂದಕ್ಕೆ ಹೋಗಿದೆ. ಕನ್ನಡವಿರಲಿ, ದಖನಿ ಉರ್ದು ಇರಲಿ, ಮನೆಮಾತಿನಲ್ಲೇ ಎಣಿಸಲು ಹೇಳಿದರೆ ನಾಲಿಗೆ ತೊದಲುವುದು ಬೇಗ ಗೊತ್ತಾಗುತ್ತದೆ, ಹೀಗಾಗಿ ಆ ಭಾಷೆ ಬಲ್ಲವರೊಬ್ಬರು ಪಕ್ಕದಲ್ಲಿರಲೇಬೇಕು.

ಕಾಯಂ ತಂತಿ ಕೂರಿಸಿ, ಕ್ಷ-ಕಿರಣದಲ್ಲಿ ಅದು ಕದಲಿಲ್ಲವೆಂದು ನೋಡಿಕೊಂಡು, ಅರಿವಳಿಕೆ ಕೊಟ್ಟು ಕೊರಳೆಲುಬಿನ ಕೆಳಗೆ ಬ್ಯಾಟರಿ ಇಡುತ್ತೇನೆ. ಹೊಲದವರಾದರೆ ಮೂಟೆ ಹೊರುವ ಹೆಗಲು ಯಾವುದೆಂದು ಮೊದಲೇ ಕೇಳಿ, ಇನ್ನೊಂದು ಬದಿಯನ್ನು ಆರಿಸುತ್ತೇನೆ. ತಂತಿ ಇಳಿದದ್ದರಿಂದಲೇ ಕೆಲವು ದಿನ ನಡುಕ ತಗ್ಗಿರುವುದರಿಂದ ವಿದ್ಯುತ್ ಪ್ರಮಾಣ ಹೊಂದಿಸುವ ಪ್ರೋಗ್ರಾಮಿಂಗ್‌ಗೆ ಕೆಲವು ವಾರ ಬಿಟ್ಟು ಬರಹೇಳುತ್ತೇನೆ. ಕೀಲುನೋವಿಗೆ ಡಯಾಥರ್ಮಿ (ಯಂತ್ರದ ಅಲೆಗಳಿಂದ ಒಳಗೆ ಕಾವು ಕೊಡುವ) ಶಾಖ ಮಾಡಿಸಲೇಕೂಡದು ಎಂಬುದನ್ನು ಬಿಡುಗಡೆ ಚೀಟಿಯ ಮೇಲ್ಭಾಗದಲ್ಲೇ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸುತ್ತೇನೆ.