ಗೈಡೆನ್ಸ್ ವ್ಯಾಲ್ಯೂಗೆ ಆಕ್ಷೇಪಣೆ: ಕಚೇರಿಯಲ್ಲಿ ನಿಲ್ಲುವಂಥ ಅರ್ಜಿ ಬರೆಯುವುದು ಹೇಗೆ?

ಗೈಡೆನ್ಸ್ ವ್ಯಾಲ್ಯೂ, ಅಂದರೆ ಆಸ್ತಿ ನೋಂದಣಿಯ ಶುಲ್ಕ ಲೆಕ್ಕಹಾಕಲು ಸರ್ಕಾರ ನಿಗದಿ ಮಾಡುವ ಮಾರ್ಗಸೂಚಿ ದರ. ಅದರ ಕರಡು ಪಟ್ಟಿ ಬಂದಾಗಲೆಲ್ಲ ತುಮಕೂರಿನ ಸೈಟು ವ್ಯವಹಾರದವರು, ಲೇಔಟ್ ಮಾಡುವವರು, ಬಿಲ್ಡರ್‌ಗಳು ಗುಂಪಾಗಿ ಹೋಗಿ ಮನವಿ ಕೊಡುತ್ತಾರೆ. ಫೋಟೊ ತೆಗೆಸಿಕೊಳ್ಳುತ್ತಾರೆ. ಮನವಿಯಲ್ಲಿ ‘ದರ ಏರಿಕೆ ಅವೈಜ್ಞಾನಿಕ, ಕೂಡಲೇ ಕೈಬಿಡಬೇಕು’ ಎಂದಷ್ಟೇ ಇರುತ್ತದೆ. ಯಾವ ರಸ್ತೆ, ಯಾವ ಸರ್ವೆ ನಂಬರ್, ಎಷ್ಟು ಜಾಸ್ತಿ ಎಂಬುದೇ ಇರುವುದಿಲ್ಲ. ಅಂಥ ಪತ್ರ ಇಟ್ಟುಕೊಂಡು ಅಧಿಕಾರಿ ಏನು ತಿದ್ದಲು ಸಾಧ್ಯ? ಹೊರೆ ಬೀಳುವುದು ಒಂದು 30x40 ಸೈಟಿಗಾಗಿ ವರ್ಷಗಟ್ಟಲೆ ದುಡ್ಡು ಕೂಡಿಟ್ಟವರ ಮೇಲೆ. ನಾನೂ ಇದೇ ವ್ಯವಹಾರದವನು. ನಮ್ಮ ದನಿಗೆ ಬೆಲೆ ಬರಬೇಕಾದರೆ ಅರ್ಜಿ ಬರೆಯುವ ರೀತಿ ಬದಲಾಗಲೇಬೇಕು.

ಮೊದಲು: ಯಾವ ದರ, ಯಾವ ಕಚೇರಿ?

ಮಾರ್ಗಸೂಚಿ ದರ ಬೇರೆ, ಮನೆ ಕಂದಾಯ ಬೇರೆ. ಮೊದಲನೆಯದು ಕರ್ನಾಟಕ ಸ್ಟಾಂಪ್ ಕಾಯ್ದೆಯ 45-ಬಿ ಕಲಂನ ಅಡಿಯಲ್ಲಿ ಬರುತ್ತದೆ. ಅದನ್ನು ನೋಡಿಕೊಳ್ಳುವುದು ಕೇಂದ್ರ ಮೌಲ್ಯಮಾಪನ ಸಮಿತಿ ಮತ್ತು ಅದರ ಕೆಳಗಿನ ಉಪಸಮಿತಿ. ಆಕ್ಷೇಪಣೆ ಸಲ್ಲಿಸಬೇಕಾದದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಕಂದಾಯದ ದರ ಮಹಾನಗರ ಪಾಲಿಕೆಯದು. ಆ ಅರ್ಜಿ ಆಯುಕ್ತರಿಗೆ ಹೋಗಬೇಕು. ಚುನಾಯಿತ ಮಂಡಳಿ ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿಗೂ ಒಂದು ಪ್ರತಿ ಕೊಡಿ. ಎರಡನ್ನೂ ಒಂದೇ ಪತ್ರದಲ್ಲಿ ತುರುಕಬೇಡಿ. ಹಾಗೆ ಮಾಡಿದರೆ ಎರಡೂ ಕಡೆ ‘ಇದು ನಮ್ಮದಲ್ಲ’ ಎಂಬ ಉತ್ತರ ಬರುತ್ತದೆ.

ಆದರೆ ಎರಡಕ್ಕೂ ನಂಟಿದೆ. 2021ರ ತಿದ್ದುಪಡಿಯ ನಂತರ ನಗರಗಳ ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ದರಕ್ಕೆ ಜೋಡಿಸಲಾಗಿದೆ. ಹಾಗಾಗಿ ಪಟ್ಟಿಯಲ್ಲಿ ಉಳಿದ ತಪ್ಪು ನೋಂದಣಿ ದಿನಕ್ಕೇ ಮುಗಿಯುವುದಿಲ್ಲ, ಕಂದಾಯದ ರಸೀದಿಗೂ ಬರುತ್ತದೆ.

ಆಕ್ಷೇಪಣೆಗೆ ಸಾಮಾನ್ಯವಾಗಿ 15 ದಿನ ಇರುತ್ತದೆ. ಪ್ರಕಟಣೆಯಲ್ಲಿ ಬರೆದ ಕೊನೆಯ ದಿನವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಹಿ ಯಾರದು?

ವ್ಯವಹಾರದವರ ಸಹಿ ಮಾತ್ರ ಇದ್ದರೆ ಅರ್ಜಿಯ ತೂಕ ಅರ್ಧಕ್ಕಿಳಿಯುತ್ತದೆ. ಆ ರಸ್ತೆಯಲ್ಲಿ ಮನೆ, ಸೈಟು ಇರುವವರ ಸಹಿಯನ್ನೂ ಹಾಕಿಸಿ. ನೀವು ಯಾರು ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ: ‘ನಾವು ಈ ಭಾಗದಲ್ಲಿ ನಿವೇಶನ ವ್ಯವಹಾರ ಮಾಡುವವರು, ಇಂಥ ಕಡೆ ನಮ್ಮ ಲೇಔಟ್ ಇದೆ.’ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇದ್ದರೆ ಆ ಸಂಖ್ಯೆಯನ್ನೂ ಬರೆಯಿರಿ. ಮುಚ್ಚಿಟ್ಟ ಹಿತಾಸಕ್ತಿ ಆಮೇಲೆ ಹೊರಬಂದರೆ ಇಡೀ ಅರ್ಜಿಯ ಮೇಲೆ ಅನುಮಾನ ಬರುತ್ತದೆ.

ಕೋಷ್ಟಕ: ಎಲ್ಲರೂ ಎಡವುವುದು ಇಲ್ಲೇ

ಅರ್ಜಿಯ ಜೀವ ಇರುವುದು ಪಟ್ಟಿಯ ದರ, ನಡೆದ ಕ್ರಯಗಳ ಬೆಲೆ, ಹೋಲಿಕೆ ಇವನ್ನು ಸಾಲಾಗಿ ತೋರಿಸುವ ಕೋಷ್ಟಕದಲ್ಲಿ. ಇದಕ್ಕೆ ಎರಡು ಮೂರು ದಿನ ಹಿಡಿದರೂ ಸರಿ, ಅವಸರ ಬೇಡ.

ಪಟ್ಟಿಯನ್ನು ಕೊನೆಯಿಂದ ಓದಲು ಶುರುಮಾಡಿ. ಹಿಂದಿನ ಪುಟಗಳಲ್ಲಿ ‘ವಿಶೇಷ ಸೂಚನೆಗಳು’ ಇರುತ್ತವೆ. ಮೂಲೆ ಸೈಟು, ಹೆದ್ದಾರಿಗೆ ತಾಗಿದ ಸೈಟು, ವಾಣಿಜ್ಯ ಬಳಕೆ ಇವಕ್ಕೆ ಎಷ್ಟು ಹೆಚ್ಚುವರಿ ಎಂದು ಅಲ್ಲಿ ಬರೆದಿರುತ್ತದೆ. ಅದನ್ನು ಓದದೆ ಬರೀ ದರ ನೋಡಿದರೆ ಲೆಕ್ಕ ತಪ್ಪುತ್ತದೆ.

ಆಮೇಲೆ ಅಳತೆ. ಪಟ್ಟಿಯಲ್ಲಿ ಸೈಟಿನ ದರ ಸಾಮಾನ್ಯವಾಗಿ ಚದರ ಮೀಟರ್‌ಗೆ ಇರುತ್ತದೆ. ನಾವು ಮಾತಾಡುವುದು ಚದರಡಿಯಲ್ಲಿ. ಒಂದು ಚದರ ಮೀಟರ್ ಅಂದರೆ 10.764 ಚದರಡಿ. 30x40 ಸೈಟು 1,200 ಚದರಡಿ, ಅಂದರೆ 111.48 ಚದರ ಮೀಟರ್. ಎರಡೂ ಅಳತೆ ಕಲಸಿಹೋದ ಅರ್ಜಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಮೊಬೈಲಿನ ಅಳತೆ ಬದಲಿಸುವ ಆ್ಯಪ್‌ಗಳನ್ನು ಇದಕ್ಕೆ ನಂಬಬೇಡಿ. ಕೆಲವು ದಶಮಾಂಶವನ್ನು ಕತ್ತರಿಸಿಬಿಡುತ್ತವೆ. ಸಾದಾ ಕ್ಯಾಲ್ಕುಲೇಟರ್ ಸಾಕು.

ಈಗ ಆಧಾರ. ನಿಮ್ಮ ರಸ್ತೆಯ ಆಸ್ತಿಗಳ ಇಸಿಯನ್ನು (ಋಣಭಾರ ಪ್ರಮಾಣಪತ್ರ) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆಯಿರಿ. ಪ್ರತಿ ಕ್ರಯಕ್ಕೂ ಎರಡು ಮೊತ್ತ ಇರುತ್ತದೆ: ಕೊಟ್ಟ ಪ್ರತಿಫಲ (ಪತ್ರದಲ್ಲಿ ಬರೆದ ಬೆಲೆ) ಮತ್ತು ಮಾರುಕಟ್ಟೆ ಮೌಲ್ಯ (ಮಾರ್ಗಸೂಚಿ ದರದಂತೆ ಲೆಕ್ಕಹಾಕಿದ್ದು). ಎರಡನ್ನೂ ಬರೆದುಕೊಳ್ಳಿ. ದಸ್ತಾವೇಜಿನ ಸಂಖ್ಯೆ, ತಾರೀಖು, ಅಳತೆ ಸಾಕು. ಕೊಂಡವರ, ಮಾರಿದವರ ಹೆಸರು ಕೋಷ್ಟಕದಲ್ಲಿ ಬೇಡ.

ಇಲ್ಲಿ ಒಂದು ಕಹಿ ಸತ್ಯ ಹೇಳಲೇಬೇಕು. ಎಲ್ಲ ಕ್ರಯಪತ್ರಗಳೂ ಸರಿಯಾಗಿ ಮಾರ್ಗಸೂಚಿ ದರಕ್ಕೇ ಆಗಿದ್ದರೆ ಅವು ಯಾವುದನ್ನೂ ಸಾಬೀತು ಮಾಡುವುದಿಲ್ಲ. ಮಿಕ್ಕ ಹಣ ಕೈಯಿಂದ ಕೈಗೆ ಹೋಗಿದೆ ಎಂಬುದು ಎದುರು ಕೂತವರಿಗೂ ಗೊತ್ತು. ಅಂಥ ಕ್ರಯಪತ್ರ ತೋರಿಸಿ ‘ಇದೇ ನಿಜವಾದ ಬೆಲೆ’ ಎನ್ನುವುದು ಸುಳ್ಳು. ಅವನ್ನು ಕೋಷ್ಟಕಕ್ಕೆ ಸೇರಿಸಲೇಬೇಡಿ. ಅದರ ಬದಲು ಬ್ಯಾಂಕ್ ಸಾಲದಲ್ಲಿ ಆದ ಖರೀದಿಗಳನ್ನು ಹುಡುಕಿ. ಮಾಲೀಕರು ಒಪ್ಪಿದರೆ ಬ್ಯಾಂಕಿನ ಮೌಲ್ಯಮಾಪಕರ ವರದಿ ಲಗತ್ತಿಸಿ. ಹತ್ತಿರದಲ್ಲಿ ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಸೈಟುಗಳ ಹರಾಜು ಆಗಿದ್ದರೆ ಆ ಬೆಲೆ ತುಂಬ ಒಳ್ಳೆಯ ಆಧಾರ. ಸಾಲ ತೀರದೆ ಬ್ಯಾಂಕ್ ಹರಾಜು ಹಾಕಿದ ಆಸ್ತಿಯ ಬೆಲೆ ಮಾತ್ರ ಬೇಡ. ಅದು ಒತ್ತಡದ ಮಾರಾಟ ಎಂದು ಪಕ್ಕಕ್ಕಿಡುತ್ತಾರೆ.

ಪಟ್ಟಿಯ ದರ ನಿಜವಾದ ಬೆಲೆಗಿಂತ ಮೇಲಿದ್ದರೆ ಬಿಳಿ ಹಣದಲ್ಲಿ ಕೊಳ್ಳುವವರಿಗೆ ಡಬಲ್ ಪೆಟ್ಟು. ಶುಲ್ಕ ಕಟ್ಟುವುದು ಎರಡರಲ್ಲಿ ಹೆಚ್ಚಿನ ಮೊತ್ತದ ಮೇಲೆ. ಜೊತೆಗೆ, ಅಂತರ ಶೇ 10ನ್ನು ದಾಟಿದರೆ ಆದಾಯ ತೆರಿಗೆ ಕಾಯ್ದೆಯಲ್ಲಿ ಮಾರುವವರಿಗೂ ಕೊಳ್ಳುವವರಿಗೂ ತೆರಿಗೆ ಬೀಳಬಹುದು. ಇದನ್ನು ಅರ್ಜಿಯಲ್ಲಿ ಬರೆಯಿರಿ, ಇದು ಗಟ್ಟಿಯಾದ ವಾದ.

ಇನ್ನು ಹೋಲಿಕೆ. ಬಿ.ಎಚ್. ರಸ್ತೆಗೆ ಮುಖ ಮಾಡಿದ ಸೈಟಿಗೂ, ಬಟವಾಡಿಯ ಒಳಗಿನ ಅಡ್ಡರಸ್ತೆಯ ಸೈಟಿಗೂ ಒಂದೇ ದರ ಬಿದ್ದಿದ್ದರೆ ಅದು ತಿದ್ದಬಹುದಾದ ತಪ್ಪು. ಮರಳೂರಿನಲ್ಲೋ ಶೆಟ್ಟಿಹಳ್ಳಿಯಲ್ಲೋ ಒಳಚರಂಡಿ, ಡಾಂಬರು ಇಲ್ಲದ ಬಡಾವಣೆಯನ್ನು ಎಸ್.ಎಸ್. ಪುರಂ ಸಮಕ್ಕೆ ಇಟ್ಟಿದ್ದರೆ ಅದೂ ಹಾಗೆಯೇ. ರಸ್ತೆಯ ಅಗಲ ಟೇಪು ಹಿಡಿದು ಅಳೆಯಿರಿ. ತಾರೀಖು ಕಾಣುವ ಫೋಟೊ ತೆಗೆಯಿರಿ. ಒಂದು ಕೈನಕ್ಷೆ ಬರೆದು ಚಕ್ಕುಬಂದಿ ಗುರುತು ಮಾಡಿ.

ಕೊನೆಯ ಕಾಲಂನಲ್ಲಿ ಕೊಳ್ಳುವವರ ಜೇಬಿನ ಲೆಕ್ಕ ಬರಲಿ. ಉದಾಹರಣೆಗೆ ದರ ಚದರ ಮೀಟರ್‌ಗೆ 10,000 ರೂಪಾಯಿಯಿಂದ 13,000ಕ್ಕೆ ಏರಿತು ಎಂದುಕೊಳ್ಳಿ. 30x40 ಸೈಟಿನ ಮೌಲ್ಯ 11,14,800ರಿಂದ 14,49,240ಕ್ಕೆ ಹೋಗುತ್ತದೆ. ನಗರದಲ್ಲಿ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6. ಖರ್ಚು 84,725 ರೂಪಾಯಿಯಿಂದ 1,10,142ಕ್ಕೆ ಏರುತ್ತದೆ. ಹೆಚ್ಚುವರಿ 25,417 ರೂಪಾಯಿ. ‘ಬಡವರಿಗೆ ಹೊರೆ’ ಎಂದು ಹತ್ತು ಸಾಲು ಬರೆಯುವುದಕ್ಕಿಂತ ಈ ಒಂದು ಅಂಕಿ ಮೇಲು.

ಕೋರಿಕೆ

‘ಏರಿಕೆ ಪೂರ್ತಿ ಕೈಬಿಡಿ’ ಎಂದು ಬರೆಯಬೇಡಿ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ದೊಡ್ಡ ಪರಿಷ್ಕರಣೆ ಆಯಿತು. ಮುಂದೆಯೂ ಆಗುತ್ತದೆ, ಆಗಬೇಕು ಕೂಡ. ಕಂದಾಯ ಇಲ್ಲದೆ ಬೀದಿದೀಪ, ಚರಂಡಿ ಎಲ್ಲಿಂದ ಬರಬೇಕು? ‘ಕ್ರಮ ಸಂಖ್ಯೆ ಇಷ್ಟರಲ್ಲಿ ಇರುವ ಇಂಥ ಅಡ್ಡರಸ್ತೆಯನ್ನು ಮುಖ್ಯರಸ್ತೆಯಿಂದ ಬೇರ್ಪಡಿಸಿ, ಇಷ್ಟು ದರ ನಿಗದಿಪಡಿಸಿ’ ಎಂದು ಕೇಳಿ. ಒಂದು ಅರ್ಜಿಗೆ ಒಂದು ಬಡಾವಣೆ ಸಾಕು.

ಕೃಷಿ ಜಮೀನಿನ ದರ ಇಳಿಸಿ ಎಂದು ಮಾತ್ರ ಕೇಳಲೇಬೇಡಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರದ ಲೆಕ್ಕಕ್ಕೆ ಈ ದರವೂ ಒಂದು ಆಧಾರ. ಹೆದ್ದಾರಿಗೋ ಕೈಗಾರಿಕೆಗೋ ಜಮೀನು ಕೊಡಬೇಕಾಗಿ ಬರುವ ರೈತರು ನಮ್ಮ ಜಿಲ್ಲೆಯಲ್ಲಿ ಸಾಕಷ್ಟಿದ್ದಾರೆ. ನಮ್ಮ ಲೇಔಟಿಗೆ ಜಮೀನು ಅಗ್ಗವಾಗಲಿ ಎಂದು ಅವರ ಪರಿಹಾರಕ್ಕೆ ಕಲ್ಲು ಹಾಕುವುದು ನ್ಯಾಯವಲ್ಲ.

ಟೈಪಿಂಗ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಮನವಿ, ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ನಮೂನೆ ಎರಡೂ ಬೇಡ. ಒಂದೇ ಒಕ್ಕಣೆಯ ನೂರು ಪತ್ರ ಬಂದರೆ ಒಂದು ಪತ್ರ ಬಂದಂತೆಯೇ ಲೆಕ್ಕ. ಬಣ್ಣದ ಸ್ಪೈರಲ್ ಬೈಂಡಿಂಗೂ ದಂಡ. ಲಗತ್ತುಗಳಿಗೆ ಪುಟಸಂಖ್ಯೆ ಹಾಕಿ ದಾರದ ಫೈಲಿನಲ್ಲಿ ಕೊಡಿ.

ಸಲ್ಲಿಕೆ

ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟೆವು ಎಂಬುದು ಸ್ವೀಕೃತಿ ಅಲ್ಲ.

ಆಮೇಲೆ

ಅಂತಿಮ ಪಟ್ಟಿ ಬಂದ ದಿನವೇ ನಿಮ್ಮ ಕ್ರಮ ಸಂಖ್ಯೆ ನೋಡಿ. ಬದಲಾಗದಿದ್ದರೆ ಜಗಳಕ್ಕೆ ಹೋಗಬೇಡಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಕೇಳಬೇಕಾದದ್ದು ಇಷ್ಟೇ: ಉಪಸಮಿತಿ ಸಭೆಯ ನಡಾವಳಿ, ಮತ್ತು ಇಂಥ ಇನ್‌ವರ್ಡ್ ನಂಬರಿನ ಆಕ್ಷೇಪಣೆಯ ಮೇಲೆ ತೆಗೆದುಕೊಂಡ ತೀರ್ಮಾನದ ಪ್ರತಿ. 30 ದಿನದಲ್ಲಿ ಉತ್ತರ ಬರಬೇಕು. ಅದರಲ್ಲಿ ಬರೆದ ಕಾರಣವನ್ನು ನಿಮ್ಮ ಕೋಷ್ಟಕದ ಜೊತೆ ಇಟ್ಟುಕೊಳ್ಳಿ. ಮುಂದಿನ ಪರಿಷ್ಕರಣೆಯ ಆಕ್ಷೇಪಣೆಯನ್ನು ಆ ಕಾರಣಕ್ಕೆ ಉತ್ತರ ಕೊಡುತ್ತಲೇ ಶುರುಮಾಡಬಹುದು.