ಬೇಬಿ ಸೀಟ್, ಸೀರೆ ತೊಟ್ಟಿಲು ಮತ್ತು ಮಗುವಿನ ಗದ್ದ

ನಮ್ಮ ಮನೆ ಬದಿಯಡ್ಕದ ಹತ್ತಿರ, ಮಗುವಿನ ಡಾಕ್ಟರು ಮಂಗಳೂರಿನಲ್ಲಿ. ಕುಂಬಳೆವರೆಗೆ ತಿರುವು, ಆಮೇಲೆ ಹೈವೇ. ಹಾಗಾಗಿ ಹೆರಿಗೆಗೆ ಮೊದಲೇ ಕಾರಿಗೆ ಬೇಬಿ ಸೀಟ್ ತಂದಿಟ್ಟಿದ್ದೆವು.

"ಮಡಿಲಲ್ಲಿ ಇಟ್ಕೊಂಡ್ರೆ ಸಾಲದಾ?" ಅಂತ ಅತ್ತೆ ಕೇಳಿದರು. "ಜೋರಾಗಿ ಬ್ರೇಕ್ ಹಾಕಿದ್ರೆ ನಾವೇ ಮುಂದೆ ಹೋಗಿ ಬೀಳ್ತೇವೆ ಅತ್ತೆ, ಮಗುವನ್ನು ಹಿಡಿಯೋದು ಹೇಗೆ?" ಅಂದೆ.

ಕಾರಿನ ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಯ ಕಡೆಗೆ ಬರುವಂತೆ ಅದನ್ನು ಕಟ್ಟಿದೆವು. ಎಳೆ ಮಗುವಿಗೆ ತಲೆಯೇ ಭಾರ, ಕುತ್ತಿಗೆಗೆ ಬಲವಿಲ್ಲ. ಹೀಗಿದ್ದರೆ ಎದುರಿನಿಂದ ಪೆಟ್ಟು ಬಿದ್ದಾಗ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಸೀಟೇ ತಡೆಯುತ್ತದೆ. ಯುರೋಪಿನ ಹೊಸ ನಿಯಮದ ಸೀಟುಗಳಲ್ಲಿ 15 ತಿಂಗಳು ತುಂಬುವವರೆಗೆ ಹೀಗೇ ಕೂರಿಸಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಹೀಗೆ ಕಟ್ಟಲೇಬಾರದು. ಅದು ಉಬ್ಬಿದರೆ ನೇರ ಮಗುವಿನ ತಲೆಯ ಹಿಂದೆಯೇ ಬಡಿಯುತ್ತದೆ. ಬೆಲ್ಟಿನ ಒಳಗೆ ದಪ್ಪ ಬಟ್ಟೆ ಸುತ್ತುವುದಿಲ್ಲ. ಭುಜದ ಹತ್ತಿರ ಬೆಲ್ಟನ್ನು ಚಿವುಟಿದರೆ ಮಡಿಕೆ ಸಿಗಬಾರದು, ಅಷ್ಟು ಬಿಗಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದಿದ್ದರೆ 1,000 ರೂಪಾಯಿ ದಂಡ. ಕೇರಳದಲ್ಲಿ 2024ರಲ್ಲಿ ಇದರ ಗದ್ದಲ ಎದ್ದು, ಸದ್ಯ ದಂಡ ಹಾಕುವುದಿಲ್ಲ ಎಂದು ಮಂತ್ರಿಗಳೇ ಹೇಳಿ ತಣ್ಣಗಾಯಿತು. ದಂಡ ಇಲ್ಲದಿದ್ದರೆ ಪೆಟ್ಟೂ ಇಲ್ಲ ಅಂತೇನಿಲ್ಲ ಅಲ್ವಾ?

ದಾರಿಯುದ್ದಕ್ಕೂ ನಾನು ನೋಡುತ್ತಿದ್ದದ್ದು ಮಗುವಿನ ಗದ್ದವನ್ನು. ಸೀಟು ಜಾಸ್ತಿ ನೆಟ್ಟಗಿದ್ದರೆ ನಿದ್ದೆಯಲ್ಲಿ ತಲೆ ಜೋತು ಗದ್ದ ಎದೆಗೆ ತಾಗುತ್ತದೆ. ಎಳೆಯ ಶ್ವಾಸನಾಳ ಅಷ್ಟಕ್ಕೇ ಮಡಚಿಕೊಳ್ಳಬಹುದು. ಅದಕ್ಕೇ ಸೀಟಿನ ಓರೆ ಸರಿ ಮಾಡಿಕೊಂಡು, ನಡುವೆ ನಿಲ್ಲಿಸಿ ಎತ್ತಿಕೊಳ್ಳುತ್ತಿದ್ದೆ. ಮನೆ ತಲುಪಿದ ಮೇಲೆ, ಮಲಗಿದೆ ಅಂತ ಸೀಟಿನಲ್ಲೇ ಬಿಡುತ್ತಿರಲಿಲ್ಲ. ಎಚ್ಚರವಾಗಿ ಅತ್ತರೂ ಸರಿ.

ಸೀರೆ ತೊಟ್ಟಿಲಿಗೂ ಇದೇ ಮಾತು. ಅದರಲ್ಲಿ ಮಗು ಬಾಗಿಕೊಂಡೇ ಮಲಗುತ್ತದೆ. ನಾವು ಅದನ್ನು ಯಾರಾದರೂ ಪಕ್ಕದಲ್ಲಿದ್ದು ತೂಗಲಿಕ್ಕೆ ಮಾತ್ರ ಇಟ್ಟುಕೊಂಡೆವು. ರಾತ್ರಿ ನಮ್ಮ ಕೋಣೆಯಲ್ಲೇ ಬೇರೆ ಗಟ್ಟಿ ಹಾಸಿಗೆ, ಅಂಗಾತ ನಿದ್ದೆ, ದಿಂಬಿಲ್ಲ, ಹೊದಿಕೆಯಿಲ್ಲ.

ಸಾಸಿವೆ ದಿಂಬಿನ ವಿಷಯಕ್ಕೆ ಅತ್ತೆಗೆ ಸ್ವಲ್ಪ ಬೇಸರವಾಯಿತು, ತಲೆ ಚಪ್ಪಟೆಯಾಗುತ್ತದೆ ಅಂತ. ಎಚ್ಚರ ಇರುವಾಗ ಕವುಚಿ ಮಲಗಿಸಿ ಆಡಿಸಿದರೆ ಆ ಚಿಂತೆ ಕಡಿಮೆ ಎಂದು ಡಾಕ್ಟರೇ ಹೇಳಿದ ಮೇಲೆ ಆ ಕೆಲಸವನ್ನು ಅತ್ತೆಯೇ ವಹಿಸಿಕೊಂಡರು. ದಿಂಬಿನ ಸಾಸಿವೆ ಒಗ್ಗರಣೆಗೆ ಹೋಯಿತು.