ಮೀನೇ ಇಲ್ಲದ ಟ್ಯಾಂಕಿಗೆ ಆರೂವರೆ ವಾರ ಫಿಲ್ಟರ್: ನನ್ನ ಅನುಭವ

"ಬರೀ ನೀರಿಗೆ ಕರೆಂಟ್ ಬಿಲ್ ಕಟ್ತಾ ಇದೀಯಲ್ಲೋ" ಅಂತ ಅಮ್ಮ ದಿನಾ ಹೇಳುತ್ತಿದ್ದರು. ಮೀನಿನ ಗಲೀಜಿನಿಂದ ಹುಟ್ಟುವ ವಿಷದ ಅಮೋನಿಯಾವನ್ನು ಮೊದಲು ನೈಟ್ರೈಟ್ (ಅದೂ ವಿಷವೇ), ಆಮೇಲೆ ಅಷ್ಟು ಕೆಡುಕಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲಿ, ಮೀನು ಆಮೇಲೆ ಬರಲಿ ಅಂತ ನನ್ನ ಲೆಕ್ಕ. ಶಿವಾಜಿನಗರದಲ್ಲಿ ನಾನು ಮೀನು ತರುವ ಅಂಗಡಿಯವರು, "ಅಷ್ಟೆಲ್ಲ ಬೇಡ ಸಾರ್, ಎರಡು ದಿನ ಮೋಟರ್ ಓಡಿಸಿ, ಮೀನು ಬಿಟ್ಬಿಡಿ" ಅಂದರು. ಹತ್ತು ವರ್ಷದಿಂದ ಮೀನು ಸಾಕುತ್ತಿರುವ ನನ್ನ ಭಾವಮೈದನಿಗಂತೂ ಇದು ಆಗುವ ಕೆಲಸ ಅಂತ ಅನ್ನಿಸಿರಲೇ ಇಲ್ಲ. ಈಗ ಎಂಟು ತಿಂಗಳಾಯಿತು. ಸತ್ತದ್ದು ಒಂದೇ ಮೀನು, ಅದೂ ಮುಚ್ಚಳದ ಸಂದಿಯಿಂದ ಹಾರಿ ಬಿದ್ದು. ಹೋದ ತಿಂಗಳು ಭಾವಮೈದನೇ ಫೋನ್ ಮಾಡಿ "ಭಾವ, ಆ ಪುಡಿ ಎಷ್ಟು ಹಾಕಿದ್ರಿ?" ಅಂತ ಕೇಳಿದ. ಅದಕ್ಕೇ ಬರೆಯಲು ಕೂತೆ.

ಮೊದಲು ಕಳೆದುಕೊಂಡದ್ದರ ಲೆಕ್ಕ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್‌ಗಳು ಬತ್ತಿದ್ದವು. ಟ್ಯಾಂಕರ್ ನೀರನ್ನೇ ತುಂಬಿ, ಮೂರನೇ ದಿನಕ್ಕೆ 14 ನಿಯಾನ್ ಟೆಟ್ರಾ, 2 ಏಂಜಲ್ ಮೀನು ಬಿಟ್ಟೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 900ರ ಮೇಲಿತ್ತು. ವಾರ ಕಳೆಯುವಷ್ಟರಲ್ಲಿ ನಿಯಾನ್‌ಗಳು ಮೇಲಕ್ಕೆ ಬಂದು ಬಾಯಿ ಬಡಿಯತೊಡಗಿದವು. ಕಿವಿರು ಕೆಂಪಾಗಿತ್ತು. ದಿನಕ್ಕೆರಡು ಹೋದವು. ಉಳಿದ ನಾಲ್ಕನ್ನು ಒಂದು ರಾತ್ರಿ ಏಂಜಲ್‌ಗಳು ನುಂಗಿದವು, ಆಮೇಲೆ ಅವೂ ಸತ್ತವು. ಎರಡನೇ ಸಲ ಗಪ್ಪಿ ಬಿಟ್ಟಾಗಲೂ ಅದೇ ಕಥೆ. ನೀಲಿ ಔಷಧಿ, ಉಪ್ಪು, ಬಾಟಲಿ ಬ್ಯಾಕ್ಟೀರಿಯಾ, ಮೀನು ಎಲ್ಲ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಮಗಳು ಬೆಳಿಗ್ಗೆ ಎದ್ದವಳೇ ಮೀನು ಎಣಿಸಲು ಓಡುತ್ತಿದ್ದಳು. ಅದನ್ನು ನೋಡಲಾಗದೆ ಟ್ಯಾಂಕ್ ಒಣಗಿಸಿಟ್ಟೆ.

ನವೆಂಬರ್ ಕೊನೆಯಲ್ಲಿ ಮತ್ತೆ ಶುರು ಮಾಡಿದೆ, ಈ ಸಲ ಮೀನಿಲ್ಲದೆ. ಮೂರಡಿ ಟ್ಯಾಂಕ್, ಮರಳು ಹಾಕಿದ ಮೇಲೆ ಸುಮಾರು 110 ಲೀಟರ್ ಹಿಡಿಯಿತು. ಅಮೋನಿಯಾ ಬರಲಿ ಅಂತ ಸಿಗಡಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟೆ. ನಾಲ್ಕನೇ ದಿನ ಆ ವಾಸನೆಗೆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ತೆಗೆದು ಎಸೆದೆ. ಆಮೇಲೆ ಹೊಳೆದದ್ದು ನವಸಾಗರ. ಕಲಾಯಿಯವರು ಕಾದ ಪಾತ್ರೆಗೆ ಹಾಕಿ ಉಜ್ಜಿದರೆ ಬಿಳಿ ಹೊಗೆ ಏಳುತ್ತಿತ್ತಲ್ಲ, ಅದೇ ಅಮೋನಿಯಂ ಕ್ಲೋರೈಡ್. ಗ್ರಂಧಿಗೆ ಅಂಗಡಿಯದರಲ್ಲಿ ಕಸ ಕಂಡಿತು. ಲ್ಯಾಬ್ ಸಾಮಾನು ಮಾರುವ ಕಡೆ ಹೋಗಿ ಶುದ್ಧವಾದದ್ದು ತಂದೆ. 110 ಲೀಟರಿಗೆ ಮುಕ್ಕಾಲು ಗ್ರಾಂಗಿಂತ ಚೂರು ಕಮ್ಮಿ ಹಾಕಿದರೆ ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ. ತೂಕಕ್ಕೆ 400 ರೂಪಾಯಿಯ ಪುಟ್ಟ ತಕ್ಕಡಿ ಸಾಕು.

ಡಿಸೆಂಬರ್ ರಾತ್ರಿ ನೀರು 20 ಡಿಗ್ರಿಗೆ ಇಳಿಯುತ್ತಿತ್ತು. ಬ್ಯಾಕ್ಟೀರಿಯಾಗೋಸ್ಕರ ಹೀಟರ್ 28ಕ್ಕೆ ಇಟ್ಟೆ. 12ನೇ ದಿನದ ಹೊತ್ತಿಗೆ ಅಮೋನಿಯಾ ಇಳಿಯಿತು, ನೈಟ್ರೈಟ್ ಏರಿತು. ಟೆಸ್ಟ್ ಕೊಳವೆಗೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. 22ನೇ ದಿನದಿಂದ ಎಲ್ಲ ನಿಂತುಹೋಯಿತು. ಹಾಕಿದ ಅಮೋನಿಯಾ ಕೂಡ ಹಾಗೇ ಇತ್ತು. ಒಂದು ವಾರ ಕಾದೆ, ನಿದ್ದೆ ಬರಲಿಲ್ಲ.

ತಪ್ಪು ನನ್ನದೇ. ಮೆದು ನೀರು ಒಳ್ಳೆಯದು ಅಂತ ಅಡುಗೆಮನೆಯ ಆರ್‌ಓ ನೀರನ್ನು ನಾಲ್ಕು ದಿನ ಬಿಂದಿಗೆ ಬಿಂದಿಗೆ ಹಿಡಿದು ತುಂಬಿದ್ದೆ. ಅದರಲ್ಲಿ ಕೆಎಚ್ (ಆಮ್ಲವನ್ನು ತಡೆಯುವ ಕಾರ್ಬೊನೇಟ್ ಅಂಶ) ಇರುವುದೇ ಇಲ್ಲ ಅನ್ನಬಹುದು. ಬ್ಯಾಕ್ಟೀರಿಯಾ ದುಡಿದಷ್ಟೂ ಆಮ್ಲ ಹುಟ್ಟುತ್ತೆ, ತಡೆಯಲು ನೀರಿನಲ್ಲಿ ಏನೂ ಇಲ್ಲ. ಪಿಎಚ್ 6ಕ್ಕೆ ಬಿದ್ದಿತ್ತು, ಅಷ್ಟು ಹುಳಿ ನೀರಿನಲ್ಲಿ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿತ್ತು. ಅರ್ಧ ನೀರು ತೆಗೆದು ಸಂಪ್ ನೀರು ಹಾಕಿದೆ. ನಮ್ಮ ಸಂಪಿನಲ್ಲಿ ಕಾವೇರಿ ನೀರು ಸ್ವಲ್ಪ, ಬೋರ್ ನೀರು ಜಾಸ್ತಿ. ಕ್ಲೋರಿನ್ ಹೋಗಲು ಹೈಪೋ ಹರಳು. ನಾಲ್ಕೇ ದಿನಕ್ಕೆ ಬಣ್ಣ ಕದಲಿತು! ಈಗಲೂ ಸಂಪ್ ನೀರು, ಆರ್‌ಓ ನೀರು ಬೆರೆಸಿಯೇ ಹಾಕುತ್ತೇನೆ. ಎಷ್ಟಕ್ಕೆ ಎಷ್ಟು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಎರಡು ತಿಂಗಳು ಒದ್ದಾಡಿ ಕಂಡುಕೊಂಡದ್ದು ಅದು.

ಇನ್ನೊಂದು ವಿಷಯ. 35ನೇ ದಿನವಾದರೂ ನೈಟ್ರೇಟ್ ಸೊನ್ನೆ ತೋರಿಸುತ್ತಿತ್ತು. ನೀರು ಪರೀಕ್ಷೆಯ ಕಿಟ್‌ನ ಎರಡನೇ ಬಾಟಲಿಯ ತಳದಲ್ಲಿ ಪುಡಿ ಗಟ್ಟಿಯಾಗಿ ಕೂತಿರುತ್ತೆ. ಮೇಜಿಗೆ ಕುಟ್ಟಿ, ಅರ್ಧ ನಿಮಿಷ ಜೋರಾಗಿ ಕುಲುಕಿದ ಮೇಲೆ ಹಳದಿ ಬರುತ್ತಿದ್ದದ್ದು ಕೆಂಪಾಯಿತು. ಸಂಪ್ ನೀರನ್ನೂ ಅಳೆಯಿರಿ. ನಮ್ಮದರಲ್ಲಿ ಮೊದಲೇ 20ರ ಹತ್ತಿರ ಇತ್ತು.

ಇದರ ಜೊತೆಗೇ ಬಾಲ್ಕನಿಯಲ್ಲಿ ಮೂರು ಬಕೆಟ್ ಇಟ್ಟಿದ್ದೆ. ಮೂರಕ್ಕೂ ಸಂಪ್ ನೀರು, ಗಾಳಿ ಪಂಪು, ಅದೇ ನವಸಾಗರ. ಒಂದಕ್ಕೆ ಬಾಟಲಿ ಬ್ಯಾಕ್ಟೀರಿಯಾ, ಇನ್ನೊಂದಕ್ಕೆ ಏನೂ ಇಲ್ಲ, ಮೂರನೆಯದಕ್ಕೆ ಗೆಳೆಯನ ಹಳೇ ಟ್ಯಾಂಕಿನ, ಬ್ಯಾಕ್ಟೀರಿಯಾ ಕೂತ ಫಿಲ್ಟರ್ ಸ್ಪಾಂಜ್. ಸ್ಪಾಂಜ್ ಬಕೆಟ್ 12 ದಿನಕ್ಕೆ ಅಮೋನಿಯಾ, ನೈಟ್ರೈಟ್ ಎರಡನ್ನೂ ಮುಗಿಸಿತು. ಬಾಟಲಿಯದು ಒಂದು ತಿಂಗಳ ಮೇಲೆ, ಸುಮ್ನೆ ಬಿಟ್ಟದ್ದಕ್ಕಿಂತ ಐದಾರು ದಿನ ಮುಂಚೆ ಅಷ್ಟೇ. 900 ರೂಪಾಯಿಗೆ ಐದಾರು ದಿನ! ಆ ದುಡ್ಡಿಗೆ ಏರ್ ಪಂಪನ್ನು ಯುಪಿಎಸ್‌ಗೆ ಜೋಡಿಸಿಕೊಳ್ಳಿ. ಕರೆಂಟ್ ಹೋಗಿ ಗಂಟೆಗಟ್ಟಲೆ ಗಾಳಿ ನಿಂತರೆ ಬ್ಯಾಕ್ಟೀರಿಯಾಗೂ ಮೀನಿಗೂ ಕಷ್ಟ.

45ನೇ ದಿನ, ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯಲ್ಲಿ ಮಾಯ, ನೈಟ್ರೈಟೂ ಸೊನ್ನೆ. ಮುಕ್ಕಾಲು ಭಾಗ ನೀರು ಬದಲಿಸಿದೆ. ಹೀಟರನ್ನು ದಿನಕ್ಕೆ ಒಂದು ಡಿಗ್ರಿಯಂತೆ ಇಳಿಸಿ ತೆಗೆದೆ.

ಮೀನು ಆರಿಸುವಾಗ ನನ್ನ ನೀರಿಗೆ ಯಾವುದು ಒಗ್ಗುತ್ತೆ ಅಂತ ನೋಡಿದೆ. ಪಿಎಚ್ 7.5, ಸ್ವಲ್ಪ ಗಡಸು, ಚಳಿಗಾಲದಲ್ಲಿ ತಣ್ಣಗೆ. ಹಾಗಾಗಿ ನಿಯಾನ್ ಬೇಡ. ಟೈಗರ್ ಬಾರ್ಬ್ ರೆಕ್ಕೆ ಕಚ್ಚುತ್ತೆ, ಬೇಡ. "ಶಾರ್ಕ್" ಅಂತ ಮಾರುವುದು ಮೂರ್ನಾಲ್ಕು ಅಡಿ ಬೆಳೆಯುವ ಜಾತಿ. ಗಾಜು ಉಜ್ಜುತ್ತೆ ಅಂತ ಕೊಡುವ ಸಕರ್ ಒಂದಡಿ ದಾಟುತ್ತೆ, ಆಮೇಲೆ ಜನ ಅದನ್ನು ಕೆರೆಗೆ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ತಂದದ್ದು 12 ಜೀಬ್ರಾ ಡೇನಿಯೊ, 8 ಚೆರ್ರಿ ಬಾರ್ಬ್, ತಳಕ್ಕೆ 6 ಕೋರಿ. ಕೋರಿಗೆ ಮರಳೇ ಬೇಕು, ಚೂಪು ಜಲ್ಲಿಯಲ್ಲಿ ಮೀಸೆ ಸವೆಯುತ್ತೆ. ಒಂದರ ಬಾಯಿಗೆ ಇನ್ನೊಂದು ಹಿಡಿಸಬಾರದು, ನಾನು ನೋಡುವುದು ಮುಖ್ಯವಾಗಿ ಅದನ್ನೇ. ಊಟ ಹಾಕುವಾಗ ಡೇನಿಯೊಗಳನ್ನು ಒಂದು ಮೂಲೆಗೆ ಸೆಳೆದು ಇನ್ನೊಂದು ಮೂಲೆಯಲ್ಲಿ ಬಾರ್ಬ್‌ಗಳಿಗೆ ಹಾಕುತ್ತೇನೆ, ಇಲ್ಲದಿದ್ದರೆ ಅವಕ್ಕೆ ಏನೂ ಸಿಗಲ್ಲ.

ಮಗಳಿಗೆ ಮತ್ತೆ ಏಂಜಲ್ ಬೇಕಂತೆ. ಅದಕ್ಕೆ ಬೇರೆ ನಾಲ್ಕಡಿ ಟ್ಯಾಂಕ್ ಹೇಳಿದ್ದೇನೆ. ಅದರ ಸ್ಪಾಂಜ್ ಹದಿನೈದು ದಿನದಿಂದ ಈ ಟ್ಯಾಂಕಿನ ಹಿಂದಿನ ಮೂಲೆಯಲ್ಲಿ ಓಡುತ್ತಿದೆ.